‘ಬರೇ ಹಾಡಿರಿ’ ಎನ್ನುವವರಿಗೆ ನಮ್ಮ ಉತ್ತರ



ಸಂಘದ ಈ ಸಲದ ವಾರ್ಷಿಕೋತ್ಸವದಲ್ಲಿ ನಮ್ಮ ಮಕ್ಕಳು ಒಂದು ಆಫ್ರಿಕದ ಹಾಡಿಗೆ ಕುಣಿದರು. ‘ಪಾಟಾ ಪಾಟಾ’ ಎಂದು ಅದರ ಹೆಸರು. ಮಾತು ಯಾರಿಗೂ ತಿಳಿಯಲಿಲ್ಲ, ತಾಳ ಎಲ್ಲರಿಗೂ ತಿಳಿಯಿತು. ಅಡಿಗೆಮನೆಯಿಂದ ನೇರವಾಗಿ ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದ ನಮ್ಮ ಹುಡುಗರೂ ಕಾಲು ಕುಟ್ಟಿದರು. ಅದು ಮುಗಿದ ಬಳಿಕ ವೇದಿಕೆಯ ಮೇಲಿದ್ದ ಒಬ್ಬ ಮಹನೀಯರು ಎದ್ದು ನಿಂತರು. ಸಭಾಗೃಹದ ಬಾಡಿಗೆ ಕೊಟ್ಟವರು ಅವರೇ. “ಕಲೆ ಎಂದರೆ ಇದು. ಇದರಲ್ಲಿ ಜಗಳವಿಲ್ಲ, ಬೇಡಿಕೆಯಿಲ್ಲ, ರಾಜಕೀಯವಿಲ್ಲ. ಬರೇ ಹಾಡು, ಬರೇ ಸಂತೋಷ. ನಿಮ್ಮ ಸಂಘವೂ ಹೀಗೆಯೇ ನಡೆಯಲಿ” ಎಂದು ಹೇಳಿದರು. ಮುಂದಿನ ವರ್ಷದ ಖರ್ಚನ್ನೂ ತಾವೇ ನೋಡಿಕೊಳ್ಳುವುದಾಗಿಯೂ, ಆದರೆ ಓವರ್‌ಟೈಮಿನ ಮಾತು, ವಾರದ ರಜೆಯ ಮಾತು, ಕೆಲಸದಿಂದ ತೆಗೆದವರ ಮಾತು ವೇದಿಕೆಯ ಮೇಲೆ ಬರಕೂಡದೆಂದೂ ಆಮೇಲೆ ಸಮಿತಿಯವರಿಗೆ ತಿಳಿಸಿದರು.

ನಾವು ಆಗ ಚಪ್ಪಾಳೆ ತಟ್ಟಿದೆವು. ಅದನ್ನು ಮುಚ್ಚಿಡುವುದಿಲ್ಲ. ಆ ಹಾಡು ಹಾಡಿದಾಕೆ ಯಾರೆಂದು ನಮಗೆ ಗೊತ್ತಿರಲಿಲ್ಲ. ಆಮೇಲೆ ಓದಿ, ತಿಳಿದವರನ್ನು ಕೇಳಿ, ಗೊತ್ತುಮಾಡಿಕೊಂಡೆವು. ಗೊತ್ತಾದ ಮೇಲೆ ತಟ್ಟಿದ ಚಪ್ಪಾಳೆಗೆ ನಾಚಿಕೆಯಾಯಿತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮೋರಿಯಲ್ಲಿ ಕಪ್ಪುಬಸಿ ತೊಳೆದವರು ನಾವು. ನಮ್ಮ ಭಾಷೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿರಿ. ಆದರೆ ಬೇಡಿಕೆಯಿಲ್ಲದ ಕಲೆಗೆ ಉದಾಹರಣೆ ಬೇಕಾದರೆ ಲೋಕದಲ್ಲಿ ಬೇರೆ ಯಾರ ಹೆಸರನ್ನಾದರೂ ಹೇಳಿರಿ, ಮಿರಿಯಂ ಮಕೇಬಾಳ ಹೆಸರನ್ನು ಮಾತ್ರ ಹೇಳಬೇಡಿರಿ.

ಹದಿನೆಂಟು ದಿನದ ಕೈದಿ

ಮಿರಿಯಂ ಹುಟ್ಟಿದುದು 1932ರ ಮಾರ್ಚ್ 4ರಂದು, ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಊರಾದ ಜೊಹಾನ್ಸ್‌ಬರ್ಗಿನಲ್ಲಿ. ತಾಯಿ ಮನೆಗೆಲಸದವಳು. ಹೆರಿಗೆ ಬಹಳ ಕಷ್ಟದ್ದಾಯಿತು. ನರಳುತ್ತಿದ್ದ ಬಾಣಂತಿಯನ್ನು ನೋಡಿ ಅಜ್ಜಿ “ಉಜೆಂಜಿಲೆ” ಎಂದು ಗೊಣಗುತ್ತಿದ್ದಳಂತೆ. ಅವರ ಖೋಸಾ ಭಾಷೆಯಲ್ಲಿ ಅದಕ್ಕೆ ‘ನೀನೇ ತಂದುಕೊಂಡದ್ದು’ ಎಂದು ಅರ್ಥ. ಅದರಿಂದಲೇ ಕೂಸಿಗೆ ಜೆಂಜಿಲೆ ಎಂಬ ಹೆಸರು ಬಂದಿತು. ಈ ಮಾತನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುವುದು.

ಕೂಸಿಗೆ ಹದಿನೆಂಟು ದಿನವಾಗಿದ್ದಾಗ ಪೊಲೀಸರು ತಾಯಿಯನ್ನು ಹಿಡಿದರು. ಅಪರಾಧವೇನು? ಮೆಕ್ಕೆಜೋಳವನ್ನೂ ಜೋಳವನ್ನೂ ಹುಳಿಬರಿಸಿ ಮನೆಯಲ್ಲಿ ಮಾಡುವ ‘ಉಮ್ಕೊಂಬೊತಿ’ ಎಂಬ ಬಿಯರನ್ನು ನಾಲ್ಕು ಕಾಸಿಗಾಗಿ ಮಾರಿದಳು. ಕರಿಯ ಜನ ಹಾಗೆ ಮಾಡಿ ಮಾರುವುದು ಕಾಯಿದೆಗೆ ವಿರುದ್ಧ. ದಂಡವೇನೂ ದೊಡ್ಡದಿರಲಿಲ್ಲ, ಆದರೆ ಅಷ್ಟೂ ಆಕೆಯ ಕೈಯಲ್ಲಿ ಇರಲಿಲ್ಲ. ಆರು ತಿಂಗಳ ಸಜೆಯಾಯಿತು. ಮೊಲೆಯುಣ್ಣುವ ಕೂಸೂ ತಾಯಿಯ ಜೊತೆಗೆ ಸೆರೆಮನೆಗೆ ಹೋಯಿತು. ರಾಜಕೀಯವಿಲ್ಲದ ಹಾಡುಗಾರ್ತಿಯ ಜೀವನ ಶುರುವಾದುದು ಹೀಗೆ.

ತಂದೆ ಆಕೆಯ ಎಳೆತನದಲ್ಲೇ ತೀರಿಕೊಂಡ. ತಾಯಿ ಬಿಳಿಯರ ಮನೆಗಳಲ್ಲಿ ದುಡಿಯಲು ಹೋದಳು. ಹುಡುಗಿ ಪ್ರಿಟೋರಿಯಾದ ಕಡೆ ಅಜ್ಜಿಯ ಮನೆಯಲ್ಲಿ ಬೆಳೆದಳು. ಮಿಶನ್ ಶಾಲೆಯ ಗಾಯನಮೇಳದಲ್ಲಿ ಹಾಡು ಕಲಿತಳು. ಮುಂದೆ ತಾನೂ ಮನೆಗೆಲಸಕ್ಕೆ, ಮಕ್ಕಳನ್ನಾಡಿಸುವ ಕೆಲಸಕ್ಕೆ ನಿಂತಳು. ಹದಿನೆಂಟರ ಹರೆಯಕ್ಕೆ ಒಂದು ಹೆಣ್ಣುಮಗುವಿನ ತಾಯಿ. ಗಂಡ ಹೊಡೆಯುವವನಾಗಿದ್ದ, ಬೇಗನೆ ಬಿಟ್ಟುಹೋದ.

ಅಷ್ಟರಲ್ಲಿ, 1948ರಲ್ಲಿ, ನ್ಯಾಶನಲ್ ಪಕ್ಷ ಅಧಿಕಾರಕ್ಕೆ ಬಂದಿದ್ದಿತು. ಹಳೆಯ ವರ್ಣಭೇದಕ್ಕೆ ‘ಅಪಾರ್ಥೈಡ್’ ಎಂಬ ಹೆಸರೂ ಕಾಯಿದೆಯ ಬಲವೂ ಬಂದಿತು. 1950ರ ಒಂದು ಕಾಯಿದೆ ಯಾವ ಬಣ್ಣದವರು ಎಲ್ಲಿ ಮನೆ ಮಾಡಬೇಕೆಂದು ಗೆರೆ ಎಳೆಯಿತು. 1953ರ ಇನ್ನೊಂದು ಕಾಯಿದೆ ಬಸ್ಸು, ಬೆಂಚು, ಕಡಲದಂಡೆಗಳನ್ನು ಬಣ್ಣದ ಮೇಲೆ ಪಾಲು ಮಾಡಿತು. ಕರಿಯ ಗಂಡಸು ಕಿಸೆಯಲ್ಲಿ ‘ಪಾಸ್’ ಪುಸ್ತಕವಿಲ್ಲದೆ ಬೀದಿಗೆ ಇಳಿಯುವಂತಿಲ್ಲ. ಕೆಲವೇ ವರ್ಷಗಳಲ್ಲಿ ಹೆಂಗಸರಿಗೂ ಅದೇ ಗತಿಯಾಯಿತು. ಹೋಟೆಲಿನವರಾದ ನಮಗೆ ಹೀಗೆ ಹೇಳಿದರೆ ಬೇಗ ತಿಳಿದೀತು: ಬಿಳಿಯರ ಹೋಟೆಲಿನಲ್ಲಿ ಅಡಿಗೆ ಮಾಡುವ ಕೈ, ತಟ್ಟೆ ತೊಳೆಯುವ ಕೈ, ಹಾಸಿಗೆ ಹಾಸುವ ಕೈ ಕಪ್ಪಾಗಿರಬಹುದು. ಮೇಜಿನ ಮುಂದೆ ಕೂತು ಉಣ್ಣುವ ಕೈ ಕಪ್ಪಾಗಿರಕೂಡದು. ಜಾತಿ ನೋಡಿ ಬೇರೆ ಲೋಟ ಇಟ್ಟ ನಾಡಿನವರಾದ ನಾವು ಇದನ್ನು ಕೇಳಿ ಬಿಳಿಯರನ್ನು ಬಯ್ದು ಕೈತೊಳೆದುಕೊಂಡರೆ ಸಾಲದು.

ಹಾಡಿನ ಪಗಾರ

1950ರ ದಶಕದಲ್ಲಿ ಮಿರಿಯಂ ‘ಮ್ಯಾನ್‌ಹಟನ್ ಬ್ರದರ್ಸ್’ ಎಂಬ ಮೇಳದಲ್ಲಿ ಹಾಡಿದಳು. ಆಮೇಲೆ ‘ಸ್ಕೈಲಾರ್ಕ್ಸ್’ ಎಂಬ ಹೆಂಗಸರದೇ ಮೇಳದಲ್ಲಿ ಹಾಡಿದಳು. ಅವರ ಗ್ರಾಮೊಫೋನ್ ತಟ್ಟೆಗಳಿಗೆ ಒಳ್ಳೆಯ ಹೆಸರು ಬಂತು. ಹಾಡಿದವಳಿಗೆ ಸಿಕ್ಕಿದುದೆಷ್ಟು? ಹಾಡು ಮುದ್ರಿಸಿದ ದಿನದ ಕೂಲಿ, ಅಷ್ಟೆ. ತಟ್ಟೆ ಎಷ್ಟೇ ಮಾರಲಿ, ಅದರ ಲಾಭದಲ್ಲಿ ಆಕೆಗೆ ಪಾಲಿಲ್ಲ.

ಇನ್ನೊಬ್ಬನ ಕಥೆ ಕೇಳಿರಿ. ಸಾಲೊಮನ್ ಲಿಂಡಾ ಎಂಬ ಜೂಲೂ ಕೂಲಿಗಾರನೊಬ್ಬ ಜೊಹಾನ್ಸ್‌ಬರ್ಗಿನ ಧ್ವನಿಮುದ್ರಿಕೆ ಕಂಪನಿಯೊಂದರಲ್ಲಿ ತಟ್ಟೆಗಳನ್ನು ಕಟ್ಟಿಡುವ ಕೆಲಸ ಮಾಡುತ್ತಿದ್ದ. 1939ರಲ್ಲಿ ಆತ ‘ಎಂಬೂಬೆ’ ಎಂಬ ಹಾಡು ಹಾಡಿದ. ಸಿಂಹದ ಮೇಲಿನ ಹಾಡು ಅದು. ಅದರ ಹಕ್ಕು ಹತ್ತು ಶಿಲ್ಲಿಂಗಿಗೆ ಹೋಯಿತು. ಅದೇ ಹಾಡು ಅಮೇರಿಕೆಯಲ್ಲಿ ಬೇರೆ ಬೇರೆ ಹೆಸರು ತೊಟ್ಟು ಲೋಕವನ್ನೆಲ್ಲ ಸುತ್ತಿ ರಾಶಿ ಹಣ ತಂದಿತು. ಲಿಂಡಾ 1962ರಲ್ಲಿ ಬಡವನಾಗಿಯೇ ಸತ್ತ. ಅವನ ಹೆಣ್ಣುಮಕ್ಕಳು ಕೋರ್ಟಿಗೆ ಹೋಗಿ, 2006ರಲ್ಲಿ ರಾಜಿಯಾಗಿ, ಹಾಡಿನ ಹಣದಲ್ಲಿ ಪಾಲು ಪಡೆದರು. ಮಿರಿಯಂ 1960ರಲ್ಲಿ ಅಮೇರಿಕೆಯಲ್ಲಿ ಮಾಡಿದ ಮೊದಲನೆಯ ತಟ್ಟೆಯಲ್ಲಿಯೂ ಈ ‘ಎಂಬೂಬೆ’ ಇದೆ. ಹಾಡಿನಲ್ಲಿ ಬೇಡಿಕೆಯಿಲ್ಲವೆಂದು ಹೇಳುವವರು ಈ ಹತ್ತು ಶಿಲ್ಲಿಂಗಿನ ಲೆಕ್ಕವನ್ನು ಬಿಡಿಸಿ ತೋರಿಸಲಿ. ಬಡವನ ಹಾಡಿನಲ್ಲಿ ‘ಬರೇ ಸಂತೋಷ’ ಇದೆಯೆಂದು ಹೇಳುವವನು ಆ ಹಾಡಿನಿಂದ ಬರುವ ದುಡ್ಡನ್ನು ಮಾತ್ರ ‘ಬರೇ ದುಡ್ಡು’ ಎಂದು ಬಿಟ್ಟುಕೊಡುವುದಿಲ್ಲ.

ತಾಯಿಯ ಮಣ್ಣಿಗೂ ಹೋಗಗೊಡಲಿಲ್ಲ

ಲಯೊನೆಲ್ ರೊಗೋಸಿನ್ ಎಂಬ ಅಮೇರಿಕನ್ ನಿರ್ದೇಶಕ ಸರಕಾರದ ಕಣ್ಣು ತಪ್ಪಿಸಿ ಜೊಹಾನ್ಸ್‌ಬರ್ಗಿನಲ್ಲಿ ‘ಕಮ್ ಬ್ಯಾಕ್, ಆಫ್ರಿಕಾ’ ಎಂಬ ಚಿತ್ರವನ್ನು ತೆಗೆದ. ಕರಿಯ ಕೂಲಿಗಾರನ ಬಾಳು ಹೇಗಿದೆಯೆಂದು ತೋರಿಸುವ ಚಿತ್ರ ಅದು. ಅದರಲ್ಲಿ ಮಿರಿಯಂ ಕೆಲವೇ ನಿಮಿಷ ಕಾಣಿಸುತ್ತಾಳೆ, ಎರಡು ಹಾಡು ಹಾಡುತ್ತಾಳೆ. ಅಷ್ಟು ಸಾಕಾಯಿತು. 1959ರಲ್ಲಿ ಆ ಚಿತ್ರ ವೆನಿಸ್ ಉತ್ಸವಕ್ಕೆ ಹೋದಾಗ ಆಕೆಯೂ ಹೋದಳು. ಅಲ್ಲಿಂದ ಲಂಡನ್, ಅಲ್ಲಿಂದ ನ್ಯೂಯಾರ್ಕ್. ಅಮೇರಿಕದ ಕರಿಯ ಗಾಯಕ ಹ್ಯಾರಿ ಬೆಲಾಫಾಂಟೆ ಕೈಹಿಡಿದು ನಡೆಸಿದ.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್ ಎಂಬಲ್ಲಿ ಪಾಸ್ ಕಾಯಿದೆಯ ವಿರುದ್ಧ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಮಂದಿ ಸತ್ತರು. ಮಿರಿಯಂಳ ಕುಟುಂಬದ ಇಬ್ಬರೂ ಅಲ್ಲಿ ಸತ್ತರು. ಅದೇ ವರ್ಷ ಆಕೆಯ ತಾಯಿಯೂ ತೀರಿಕೊಂಡಳು. ಮಣ್ಣು ಮಾಡಲು ಊರಿಗೆ ಹೋಗಬೇಕೆಂದು ಹೊರಟಾಗ, ಆಕೆಯ ಪಾಸ್‌ಪೋರ್ಟನ್ನು ಸರಕಾರ ರದ್ದುಗೊಳಿಸಿತೆಂದು ತಿಳಿಯಿತು. ಹದಿನೆಂಟು ದಿನದ ಕೂಸಾಗಿದ್ದಾಗ ಯಾವ ತಾಯಿಯ ಜೊತೆಗೆ ಸೆರೆಮನೆಗೆ ಹೋಗಿದ್ದಳೋ, ಆ ತಾಯಿಯ ಮುಖವನ್ನು ಕಡೆಯ ಸಲ ನೋಡಲೂ ಆಗಲಿಲ್ಲ.

ಊರು ಬಿಟ್ಟು ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆ ಸತ್ತ ಸುದ್ದಿ ಬಂದಾಗ ಗಲ್ಲಾದ ಮುಂದೆ ನಿಂತು ಎರಡು ದಿನದ ರಜೆ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಆದರೂ ನಮಗೆ ತಡವಾಗಿಯಾದರೂ ಬಸ್ಸು ಸಿಗುತ್ತದೆ. ಆಕೆಗೆ ಊರಿನ ದಾರಿ 1990ರ ವರೆಗೆ ಸಿಗಲಿಲ್ಲ.

ಆಗ ಆಕೆ ಏನು ಮಾಡಿದಳು? ಬರೇ ಹಾಡುತ್ತ ಕೂತಿದ್ದರೆ ಅಮೇರಿಕದಲ್ಲಿ ಸುಖವಾಗಿ ಇರಬಹುದಾಗಿದ್ದಿತು. 1962ರಲ್ಲಿ ಅಧ್ಯಕ್ಷ ಕೆನೆಡಿಯವರ ಹುಟ್ಟುಹಬ್ಬದಲ್ಲಿ ಹಾಡಿದವಳು ಆಕೆ. ಅದರ ಮರುವರ್ಷ, 1963ರ ಜುಲೈಯಲ್ಲಿ, ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ವಿಶೇಷ ಸಮಿತಿಯ ಮುಂದೆ ನಿಂತು ತನ್ನ ದೇಶದ ಸರಕಾರದ ಮೇಲೆ ಸಾಕ್ಷಿ ಹೇಳಿದಳು. ಆ ಸರಕಾರದೊಂದಿಗೆ ವ್ಯಾಪಾರ ನಿಲ್ಲಿಸಿರಿ, ಆಯುಧ ಮಾರಬೇಡಿರಿ, ಆ ಆಯುಧಗಳು ನಮ್ಮ ಹೆಂಗಸರು ಮಕ್ಕಳ ಮೇಲೆಯೇ ಬೀಳುವುವು ಎಂದು ಕೇಳಿಕೊಂಡಳು. ಇದಕ್ಕೆ ಉತ್ತರವಾಗಿ ದಕ್ಷಿಣ ಆಫ್ರಿಕ ಸರಕಾರ ಆಕೆಯ ಹಾಡುಗಳನ್ನು ನಿಷೇಧಿಸಿತು, ಪೌರತ್ವವನ್ನೂ ಕಿತ್ತುಕೊಂಡಿತು. ಆಯುಧ ಮಾರಾಟವನ್ನು ಭದ್ರತಾ ಮಂಡಲಿ ಎಲ್ಲ ದೇಶಗಳಿಗೂ ಕಡ್ಡಾಯವಾಗಿ ನಿಷೇಧಿಸಿದುದು 1977ರಲ್ಲಿ. ಒಬ್ಬ ಮನೆಗೆಲಸದವಳ ಮಗಳಿಗೆ ತಿಳಿದುದು ದೊಡ್ಡ ರಾಷ್ಟ್ರಗಳ ತಲೆಗೆ ಹೋಗಲು ಹದಿನಾಲ್ಕು ವರ್ಷ ಹಿಡಿಯಿತು.

‘ನೀನೇ ತಂದುಕೊಂಡದ್ದು’ ಎಂದು ಆ ಸರಕಾರದವರು ಹೇಳಿರಬೇಕು. ಇದು ನಮಗೆ ಹೊಸ ಮಾತಲ್ಲ. ವಾರದ ರಜೆ ಕೇಳಿದ್ದಕ್ಕೆ ಕೆಲಸ ಹೋದ ಹುಡುಗ ಹಾಸಿಗೆ ಸುತ್ತಿಕೊಂಡು ಬೀದಿಗೆ ಬಂದಾಗ, ಧಣಿಗಳೂ ಇದನ್ನೇ ಹೇಳುತ್ತಾರೆ. ನಾಚಿಕೆಯ ವಿಷಯವೆಂದರೆ ಅವನ ಪಕ್ಕದಲ್ಲಿ ಮಲಗುತ್ತಿದ್ದ ನಾವೂ ಒಮ್ಮೊಮ್ಮೆ ಹೇಳುತ್ತೇವೆ.

ಪ್ರಶಸ್ತಿ ಪಡೆದ ಹಾಡು, ಗಲ್ಲಿಗೇರಿದ ಕವಿ

1966ರಲ್ಲಿ ಅಮೇರಿಕದ ಗ್ರ್ಯಾಮಿ ಪ್ರಶಸ್ತಿ ಬೆಲಾಫಾಂಟೆ ಮತ್ತು ಮಕೇಬಾ ಇಬ್ಬರಿಗೂ ಸೇರಿ ಬಂದಿತು. 1965ರಲ್ಲಿ ಅವರಿಬ್ಬರೂ ಕೂಡಿ ಮಾಡಿದ ತಟ್ಟೆಗೆ ಅದು ಸಿಕ್ಕಿದುದು. ಈ ಪ್ರಶಸ್ತಿಯ ಮಾತನ್ನು ಎಲ್ಲರೂ ಆಡುತ್ತಾರೆ. ಆ ತಟ್ಟೆಯಲ್ಲಿ ಏನಿದೆಯೆಂಬುದನ್ನು ಹೇಳುವವರು ಕಡಿಮೆ. ಆಗಿನ ಪ್ರಧಾನಿ ಫೆರ್ವೂರ್ಡನ ಹೆಸರು ಹಿಡಿದು, ಕರಿಯ ಜನ ಬರುತ್ತಿದ್ದಾರೆ, ಜೋಕೆ, ಎಂದು ಎಚ್ಚರಿಸುವ ಹಾಡೊಂದು ಅದರಲ್ಲಿದೆ.

ಅದನ್ನು ಕಟ್ಟಿದವನು ಯಾರು? ವುಯಿಸಿಲೆ ಮಿನಿ. ಪೋರ್ಟ್ ಎಲಿಜಬೆತ್ ಬಂದರಿನ ಹಮಾಲರಲ್ಲಿ ಸಂಘ ಕಟ್ಟಿದವನು, ನಮ್ಮಂಥವನೇ ಒಬ್ಬ ಕಾರ್ಯಕರ್ತ. ಹಗಲು ಸಂಘದ ಕೆಲಸ, ಸಂಜೆ ಹಾಡಿನ ಮೇಳ. ವಿಧ್ವಂಸಕ ಕೃತ್ಯ ಮಾಡಿದನೆಂದೂ ಪೊಲೀಸರ ಬಾತ್ಮಿದಾರನೊಬ್ಬನ ಕೊಲೆಯಲ್ಲಿ ಕೈಯಿದ್ದಿತೆಂದೂ ಅವನ ಮೇಲೆ ಆರೋಪ ಹೊರಿಸಿದರು. 1964ರ ನವೆಂಬರ್ 6ರಂದು ಪ್ರಿಟೋರಿಯಾದ ಸೆರೆಮನೆಯಲ್ಲಿ ಇನ್ನಿಬ್ಬರ ಜೊತೆಗೆ ಅವನನ್ನು ಗಲ್ಲಿಗೇರಿಸಿದರು. ಅವರು ಹಾಡುತ್ತಲೇ ಗಲ್ಲಿನ ಕಡೆಗೆ ನಡೆದರೆಂದು ಅಂದು ಅದೇ ಸೆರೆಮನೆಯಲ್ಲಿದ್ದವರು ನೆನೆದಿದ್ದಾರೆ. ಬಂದರಿನ ಹಮಾಲರ ಹಾಡನ್ನು, ಅದನ್ನು ಕಟ್ಟಿದವನು ಸತ್ತ ಮರುವರ್ಷವೇ ಮಿರಿಯಂ ಲೋಕಕ್ಕೆಲ್ಲ ಕೇಳಿಸಿದಳು. ಸಂಘ ಬೇರೆ, ಹಾಡು ಬೇರೆ ಎಂದು ಹೇಳುವ ಮಹನೀಯರೇ, ವುಯಿಸಿಲೆ ಮಿನಿಯಲ್ಲಿ ಸಂಘ ಎಲ್ಲಿಗೆ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು? ಗೆರೆ ಎಳೆದು ತೋರಿಸಿರಿ.

ಇನ್ನು ‘ಪಾಟಾ ಪಾಟಾ’. ಮುಟ್ಟು, ಮುಟ್ಟು ಎಂದು ಅದರ ಅರ್ಥ. ಜೊಹಾನ್ಸ್‌ಬರ್ಗಿನ ಕರಿಯರ ಕೇರಿಗಳ ಒಂದು ಕುಣಿತದ ಹೆಸರು ಅದು. 1967ರಲ್ಲಿ ಅಮೇರಿಕದಲ್ಲಿ ಅದು ಹೊರಬಂದು ಅಲ್ಲಿನ ಪಟ್ಟಿಯಲ್ಲಿ 12ನೆಯ ಸ್ಥಾನಕ್ಕೆ ಏರಿತು. ತನ್ನ ಅಷ್ಟೊಂದು ಹಾಡುಗಳಲ್ಲಿ ಅರ್ಥದ ಭಾರ ತೀರ ಕಡಿಮೆಯಿರುವ ಇದೇ ಹಾಡನ್ನು ಲೋಕ ಹಿಡಿದುಕೊಂಡಿತಲ್ಲ ಎಂದು ಮಿರಿಯಂಳಿಗೇ ಅಸಮಾಧಾನವಿದ್ದಿತು. ಹೊಟ್ಟೆಗಾಗುವ ಊಟವನ್ನು ಬಿಟ್ಟು ಉಪ್ಪಿನಕಾಯಿಯನ್ನು ಹೊಗಳಿದಂತೆ ಆಯಿತು.

ಸ್ವಾತಂತ್ರ್ಯದ ನಾಡಿನಲ್ಲಿ

ಅಮೇರಿಕ ಸ್ವಾತಂತ್ರ್ಯದ ನಾಡು ಎಂದು ಹೇಳುವವರು 1968ನ್ನು ಮರೆಯಬಾರದು. ಆ ವರ್ಷ ಮಿರಿಯಂ ಅಲ್ಲಿನ ಕರಿಯರ ಹೋರಾಟದ ತರುಣ ಮುಂದಾಳು ಸ್ಟೋಕ್ಲಿ ಕಾರ್ಮೈಕಲ್‌ನನ್ನು ಮದುವೆಯಾದಳು. ಹಾಡು ಬದಲಾಗಲಿಲ್ಲ, ಕಂಠ ಬದಲಾಗಲಿಲ್ಲ. ಆದರೂ ಗೊತ್ತಾಗಿದ್ದ ಕಾರ್ಯಕ್ರಮಗಳು ಒಂದೊಂದಾಗಿ ರದ್ದಾದುವು. ಸರಕಾರದ ಗೂಢಚಾರರು ಬೆನ್ನುಹತ್ತಿದರು. ನಿನ್ನೆಯ ತನಕ ಎದ್ದು ನಿಂತು ಚಪ್ಪಾಳೆ ತಟ್ಟಿದವರು ಬಾಗಿಲು ಹಾಕಿಕೊಂಡರು. ದಕ್ಷಿಣ ಆಫ್ರಿಕದ ಕಾಯಿದೆ ಮಾಡಿದುದನ್ನು ಅಮೇರಿಕದಲ್ಲಿ ಗಲ್ಲಾಪೆಟ್ಟಿಗೆ ಮಾಡಿತು. ದಾನಿಗಳ ಪ್ರೀತಿಯನ್ನು ನಂಬಿ ವೇದಿಕೆ ಕಟ್ಟುವವರು ಇದನ್ನು ನೋಡಿ ಕಲಿಯಬೇಕು.

ಗಂಡಹೆಂಡಿರು ಪಶ್ಚಿಮ ಆಫ್ರಿಕದ ಗಿನಿ ದೇಶಕ್ಕೆ ಹೋದರು. ಆಕೆ ಅಲ್ಲಿ ಸುಮಾರು ಹದಿನೈದು ವರ್ಷ ಇದ್ದಳು. ಗಿನಿಯ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯಲ್ಲಿ ಮತ್ತೆ ಮಾತಾಡಿದಳು. 1976ರಲ್ಲಿ ಸೊವೆಟೊದ ಶಾಲೆಯ ಮಕ್ಕಳು, ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲಿ ಪಾಠ ಹೇರಬೇಡಿರಿ ಎಂದು ಬೀದಿಗಿಳಿದು ಗುಂಡಿಗೆ ಬಿದ್ದಾಗ, ಹ್ಯೂ ಮಸಕೇಲಾ ಬರೆದ ‘ಸೊವೆಟೊ ಬ್ಲೂಸ್’ ಹಾಡಿಗೆ ದನಿ ಕೊಟ್ಟವಳು ಆಕೆಯೇ. 1985ರಲ್ಲಿ ಒಬ್ಬಳೇ ಮಗಳು ಬೊಂಗಿ ಹೆರಿಗೆಯಲ್ಲಿ ತೀರಿಕೊಂಡಳು. ಮೊಮ್ಮಕ್ಕಳನ್ನು ಸಾಕುವ ಭಾರ ಆಕೆಯ ಮೇಲೆ ಬಿತ್ತು.

ನಾವು ಆಕೆಯನ್ನು ದೇವರ ಪಟದ ಸಾಲಿನಲ್ಲಿ ಇಡಲು ಹೊರಟಿಲ್ಲ. ಗಿನಿಯಲ್ಲಿ ಆಶ್ರಯ ಕೊಟ್ಟ ಅಧ್ಯಕ್ಷ ಸೇಕು ಟೂರೆ ಹಿಂದೆ ಅಂಚೆ ನೌಕರರ ಸಂಘದ ಮುಂದಾಳು. ಆದರೆ ಗದ್ದುಗೆ ಏರಿದ ಮೇಲೆ ತನ್ನನ್ನು ಎದುರಿಸಿದವರಿಂದ ಸೆರೆಮನೆ ತುಂಬಿಸಿದ. ಅಲ್ಲಿ ಎಷ್ಟೋ ಜನ ಸತ್ತರು. ಆ ಸೆರೆಮನೆಯ ವಿರುದ್ಧ ಆಕೆ ದಕ್ಷಿಣ ಆಫ್ರಿಕದ ವಿರುದ್ಧ ಎತ್ತಿದಷ್ಟು ದನಿ ಎತ್ತಲಿಲ್ಲ. ಇದು ಕೊರತೆಯೇ. ಸಂಘದ ಮುಂದಾಳುಗಳೆನಿಸಿಕೊಂಡ ನಮ್ಮಂಥವರಿಗೆ ಇದರಲ್ಲಿ ಎರಡು ಪಾಠವಿದೆ. ಕುರ್ಚಿ ಸಿಕ್ಕಿದ ಮೇಲೆ ನಾವೇ ಧಣಿಗಳಾಗಬಾರದು. ಉಪ್ಪು ಕೊಟ್ಟವರ ತಪ್ಪನ್ನು ಹೇಳುವುದು ಕಷ್ಟ, ಆದುದರಿಂದ ಯಾರ ಉಪ್ಪು ತಿನ್ನುತ್ತೇವೆಂದು ಮೊದಲೇ ನೋಡಿಕೊಳ್ಳಬೇಕು. ಇಂಥ ಹೆಂಗಸಿನ ನಾಲಗೆಯನ್ನೇ ಆಶ್ರಯದ ಋಣ ಕಟ್ಟಿತೆಂದ ಮೇಲೆ, ಒಂದು ದಿನದ ಸಭಾಗೃಹದ ಬಾಡಿಗೆ ನಮ್ಮ ನಾಲಗೆಯನ್ನು ಕಟ್ಟಲಾರದೆ?

ಆಫ್ರಿಕದ ಮಾತು ನಮಗೇಕೆ?

ಹೀಗೆ ಕೇಳುವ ಸ್ನೇಹಿತರೂ ಇದ್ದಾರೆ. ಅವರಿಗೆ ಎರಡೇ ಮಾತು. 1860ರಿಂದ ನಮ್ಮ ದೇಶದ ಬಡವರನ್ನು ಕರಾರು ಕೂಲಿಗಳಾಗಿ ಹಡಗು ಹತ್ತಿಸಿ ದಕ್ಷಿಣ ಆಫ್ರಿಕದ ನಟಾಲಿನ ಕಬ್ಬಿನ ತೋಟಗಳಿಗೆ ಒಯ್ದರು. ಅವರ ಮೊಮ್ಮಕ್ಕಳೂ ಅದೇ ವರ್ಣಭೇದದ ಕಾಯಿದೆಗಳ ಕೆಳಗೆ ಬಾಳಿದರು. 1946ರಲ್ಲಿ, ಇನ್ನೂ ಸ್ವಾತಂತ್ರ್ಯ ಬರುವ ಮೊದಲೇ, ಭಾರತ ಆ ದೇಶದೊಂದಿಗೆ ವ್ಯಾಪಾರ ನಿಲ್ಲಿಸಿ ವಿಶ್ವಸಂಸ್ಥೆಯಲ್ಲಿ ದೂರು ಹೇಳಿತು. ಮಿರಿಯಂ 1963ರಲ್ಲಿ ಲೋಕವನ್ನು ಬೇಡಿಕೊಂಡುದನ್ನು ನಮ್ಮ ಬಡ ದೇಶ ಹದಿನೇಳು ವರ್ಷ ಮೊದಲೇ ಮಾಡಿದ್ದಿತು. ನಷ್ಟವಾಗುತ್ತದೆ ಎಂದು ಕೂತಿದ್ದರೆ ಅದು ಆಗುತ್ತಿರಲಿಲ್ಲ.

ಕಡೆಯ ಹಾಡು

1990ರ ಫೆಬ್ರವರಿಯಲ್ಲಿ ನೆಲ್ಸನ್ ಮಂಡೇಲಾ ಸೆರೆಯಿಂದ ಹೊರಬಂದರು. ಅವರ ಒತ್ತಾಯದಿಂದ ಅದೇ ಜೂನ್ ತಿಂಗಳಲ್ಲಿ ಮಿರಿಯಂ ಊರಿಗೆ ಮರಳಿದಳು, ಫ್ರಾನ್ಸ್ ದೇಶದ ಪಾಸ್‌ಪೋರ್ಟ್ ಹಿಡಿದುಕೊಂಡು. ಹುಟ್ಟಿದ ಮಣ್ಣಿಗೆ ಕಾಲಿಡಲು ಪರದೇಶದ ಕಾಗದ! ಮೂವತ್ತೊಂದು ವರ್ಷಗಳ ವನವಾಸ ಮುಗಿಯಿತು.

ಇನ್ನಾದರೂ ಮನೆಯಲ್ಲಿ ಕೂರಬಹುದಾಗಿದ್ದಿತು. ಕೂರಲಿಲ್ಲ. 2008ರ ಸೆಪ್ಟೆಂಬರ್ 18ರಂದು ಇಟಲಿಯ ಕಾಸ್ಟೆಲ್ ವೊಲ್ತುರ್ನೊ ಎಂಬ ಊರಿನಲ್ಲಿ, ಹೊಟ್ಟೆಪಾಡಿಗಾಗಿ ಅಲ್ಲಿಗೆ ಹೋಗಿದ್ದ ಆರು ಮಂದಿ ಆಫ್ರಿಕದವರನ್ನು ಕಮೊರ್ರಾ ಎಂಬ ಪಾತಕಿಗಳ ಕೂಟ ಗುಂಡಿಕ್ಕಿ ಕೊಂದಿತು. ಪರವೂರಿಗೆ ದುಡಿಯಲು ಬಂದ, ಹೇಳುವವರು ಕೇಳುವವರು ಇಲ್ಲದ ಜನ. ಅದಾದ ಎರಡೇ ತಿಂಗಳೊಳಗೆ, ನವೆಂಬರ್ 9ರ ರಾತ್ರಿ, ಅದೇ ಊರಿನಲ್ಲಿ ಒಂದು ಹಾಡುಗಾರಿಕೆ ನಡೆಯಿತು. ಕಮೊರ್ರಾದ ಗುಟ್ಟುಗಳನ್ನು ಬರೆದು ಅವರ ಕೊಲೆಬೆದರಿಕೆಗೆ ಗುರಿಯಾಗಿದ್ದ ರೊಬೆರ್ತೊ ಸವಿಯಾನೊ ಎಂಬ ಲೇಖಕನ ಬೆಂಬಲಕ್ಕಾಗಿ ಅದು ಏರ್ಪಟ್ಟಿದ್ದಿತು. ಎಪ್ಪತ್ತಾರು ವರ್ಷದ ಮಿರಿಯಂ, ಮೈಯಲ್ಲಿ ಬಲವಿಲ್ಲದಿದ್ದರೂ, ಅಲ್ಲಿಗೆ ಹೋಗಿ ಹಾಡಿದಳು. ಕಡೆಯಲ್ಲಿ ಹಾಡಿದುದು ಯಾವುದು? ‘ಪಾಟಾ ಪಾಟಾ’. ಅದನ್ನು ಹಾಡಿ ಮುಗಿಸಿ ಕುಸಿದಳು. ಹೃದಯಾಘಾತದಿಂದ ಪ್ರಾಣ ಹೋಯಿತು.

ನಮ್ಮ ಮಕ್ಕಳು ಕುಣಿದ ಹಾಡು ಅದೇ. ಅರ್ಥದ ಭಾರ ಕಡಿಮೆಯೆಂದು ಆಕೆಗೇ ಅನಿಸಿದ್ದ ಹಾಡು ಕೊಲೆಯಾದ ಕೂಲಿಗಾರರ ಊರಿನಲ್ಲಿ, ಕೊಂದವರ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಹಾಡಿದಾಗ ಬೇರೆಯೇ ಹಾಡಾಯಿತು. ಆದುದರಿಂದ ನಾವು ಸಂತೋಷದ ಹಾಡು ಬೇಡವೆನ್ನುವುದಿಲ್ಲ. ಹದಿನಾಲ್ಕು ತಾಸು ನಿಂತು ದುಡಿದವನಿಗೆ ಕುಣಿತ ಬೇಕು, ನಗು ಬೇಕು. ಆದರೆ ಆ ಹಾಡಿನ ಬಾಯಿಗೆ ಬೀಗ ಹಾಕಿ, ಕೀಲಿಕೈಯನ್ನು ಬಾಡಿಗೆ ಕೊಟ್ಟವರ ಕಿಸೆಯಲ್ಲಿ ಇಡುವುದು ಬೇಡ. ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರನ್ನು ಕೇಳಿರಿ. ಅಣ್ಣಾಭಾವು ಸಾಠೆಯವರೂ ಅಮರ ಶೇಖರೂ ಡಫು ಹಿಡಿದು ಕಾರ್ಮಿಕರ ಸಭೆಗಳಲ್ಲಿ ಹಾಡಿದಾಗ ಯಾವ ಧಣಿಯ ಅಪ್ಪಣೆ ಕೇಳಿದ್ದರು?

ಬರುವ ಸರ್ವಸಾಧಾರಣ ಸಭೆಯಲ್ಲಿ ಈ ಪ್ರಶ್ನೆ ಬರಲಿದೆ. ನಮ್ಮ ಸೂಚನೆ ಇಷ್ಟು: ಆ ಮಹನೀಯರ ಹಣವನ್ನು ವಂದನೆಗಳೊಂದಿಗೆ ಹಿಂದಿರುಗಿಸೋಣ. ದೊಡ್ಡ ಸಭಾಗೃಹ ಬೇಡ, ಶಾಲೆಯ ಅಂಗಳ ಸಾಕು. ಪ್ರತಿಯೊಬ್ಬ ಸದಸ್ಯನೂ ಒಂದು ದಿನದ ಚಹಾದ ದುಡ್ಡು ಕೊಟ್ಟರೆ ಶಾಮಿಯಾನದ ಖರ್ಚು ಹುಟ್ಟುತ್ತದೆ. ಇದರಿಂದ ನಷ್ಟವಾದರೆ, ‘ನೀವೇ ತಂದುಕೊಂಡದ್ದು’ ಎಂದು ಯಾರಾದರೂ ಹೇಳಿದರೆ, ಹೌದು, ನಾವೇ ತಂದುಕೊಂಡದ್ದು ಎಂದು ತಲೆಯೆತ್ತಿ ಹೇಳೋಣ. ಆ ಮಾತನ್ನೇ ಹೆಸರಾಗಿ ಹೊತ್ತು ಎಪ್ಪತ್ತಾರು ವರ್ಷ ಬಾಳಿದವಳೊಬ್ಬಳು ನಮಗೆ ದಾರಿ ತೋರಿದ್ದಾಳೆ.

ಮಕ್ಕಳು ಮುಂದಿನ ವರ್ಷವೂ ಅದೇ ಹಾಡಿಗೆ ಕುಣಿಯಲಿ. ಕುಣಿಯುವ ಮೊದಲು ನಮ್ಮ ಹುಡುಗಿಯೊಬ್ಬಳು ಮುಂದೆ ಬಂದು, ಇದನ್ನು ಹಾಡಿದಾಕೆ ಯಾರು, ಏನು ಕೇಳಿದಳು, ಏನು ಕಳೆದುಕೊಂಡಳು ಎಂದು ಹೇಳಲಿ. ಆಮೇಲೆ ಓವರ್‌ಟೈಮಿನ ಮಾತಾಡೋಣ.